ಇಲ್ಲದ ಕುರಿ ಕಾಯುತ್ತಿದ್ದ ತಾತ

ನಮ್ಮ ಪಕ್ಕದ ಮನೆಯ ತಾತ ದಿನಾ ಬೆಳಿಗ್ಗೆ ಕುರಿ ಮೇಯಿಸಲು ಹೋಗುತ್ತಿದ್ದ. ಅವನ ಹತ್ತಿರ ಒಂದು ಕುರಿಯೂ ಇರಲಿಲ್ಲ.

ಇದನ್ನು ಓದಿದರೆ ನೀವು ನಗುತ್ತೀರಿ. ಆಗ ಊರೂ ನಕ್ಕಿತು. ನಾನು ಮಾತ್ರ ನಗಬೇಕೋ ಹೆದರಬೇಕೋ ತಿಳಿಯದೆ ಬಾಗಿಲ ಮರೆಯಲ್ಲಿ ನಿಂತು ನೋಡುತ್ತಿದ್ದೆ. ಮೊನ್ನೆ ಮಕ್ಕಳು ಮೊಮ್ಮಕ್ಕಳು ನೀವೆಲ್ಲ ನನ್ನನ್ನು ಕೂರಿಸಿಕೊಂಡು, ವಯಸ್ಸಾದವರು ದಿನಾ ನಡೆಯಬೇಕು, ಕಾಳು ಸೊಪ್ಪು ತಿನ್ನಬೇಕು, ತಲೆಗೆ ಕೆಲಸ ಕೊಡಬೇಕು, ನಾಲ್ಕು ಜನರ ಹತ್ತಿರ ಮಾತಾಡಬೇಕು, ಇಲ್ಲದಿದ್ದರೆ ಕೈಕಾಲಿನ ಶಕ್ತಿಯೂ ಹೋಗುತ್ತದೆ, ನೆನಪೂ ಹೋಗುತ್ತದೆ ಎಂದು ಪಾಠ ಹೇಳಿದಿರಲ್ಲ, ಆಗ ಅವನು ನೆನಪಾದ. ನೀವು ಹೇಳಿದ್ದನ್ನೆಲ್ಲ ಅವನು ಮಾಡುತ್ತಿದ್ದ. ತಿಳಿದು ಮಾಡುತ್ತಿದ್ದನೋ, ತಲೆ ಕೆಟ್ಟು ಮಾಡುತ್ತಿದ್ದನೋ, ಅದು ನನಗೆ ಈಗಲೂ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಬರೆಯಬಾರದು ಅನ್ನುತ್ತಾರೆ. ಆದರೆ ಗೊತ್ತಿರುವುದನ್ನು ಬರೆಯಲು ನನಗೆ ಅಷ್ಟೇನೂ ಗೊತ್ತಿಲ್ಲ. ಏಳನೇ ತರಗತಿಯವರೆಗೆ ಓದಿದವಳು ನಾನು.

ಅವನ ಹೆಸರು ಬರೆಯುವುದಿಲ್ಲ. ಅವನ ಮೊಮ್ಮಕ್ಕಳು ಮಧುಗಿರಿಯಲ್ಲೂ ಶಿರಾದಲ್ಲೂ ಇದ್ದಾರೆ, ಬೇಸರ ಮಾಡಿಕೊಂಡಾರು. ಅವನು, ಬಂದ, ಹೋದ ಅಂತ ಬರೆಯುತ್ತಿರುವುದು ಮರ್ಯಾದೆ ಇಲ್ಲದೆ ಅಲ್ಲ. ನಮ್ಮ ಕಡೆ ತಾತಂದಿರನ್ನು ಬಹುವಚನದಲ್ಲಿ ಕರೆದರೆ, "ನಾನೇನು ಅಮಲ್ದಾರನಾ?" ಅಂತ ಕೇಳುತ್ತಿದ್ದರು.

ನಾನು ಹೊಳವನಹಳ್ಳಿ ಕಡೆಯಿಂದ ಮದುವೆಯಾಗಿ ಆ ಊರಿಗೆ ಬಂದೆ. ಬಡವನಹಳ್ಳಿಯಿಂದ ಮಧುಗಿರಿಗೆ ಹೋಗುವ ದಾರಿಯಲ್ಲಿ ಒಳಗೆ ಸರಿದ ಊರು. ಆಗ ತಾತನ ಹಿಂಡು ದೊಡ್ಡದಿತ್ತು. ಸಂಜೆ ಕುರಿಗಳು ಓಣಿಗೆ ಬಂದರೆ ನಾನು ನೀರಿನ ಕೊಡ ಹಿಡಿದುಕೊಂಡು ಗೋಡೆಗೆ ಅಂಟಿ ನಿಲ್ಲಬೇಕಾಗಿತ್ತು. ಬೇಸಿಗೆಯಲ್ಲಿ ಅವನು ಹಿಂಡು ಹೊಡೆದುಕೊಂಡು ಪಾವಗಡದ ಆಚೆಗೂ ಹೋಗಿ ಬರುತ್ತಿದ್ದ. ಕುರಿಗಳನ್ನು ಮುದ್ದು ಮಾಡುವುದು ಕನ್ನಡದಲ್ಲಿ, ಬೈಯುವುದು ತೆಲುಗಿನಲ್ಲಿ. ಯಾಕೆ ತಾತ ಅಂತ ನಮ್ಮತ್ತೆ ಕೇಳಿದ್ದಕ್ಕೆ, "ಕನ್ನಡದಾಗೆ ಬೈದ್ರೆ ಊರೋರು ತಮಗೇ ಬೈದ್ನೇನೋ ಅಂತ ಜಗಳಕ್ಕೆ ಬತ್ತಾರೆ ಕಣವ್ವಾ" ಅಂದಿದ್ದ.

ಪ್ರತಿ ಕುರಿಗೂ ಹೆಸರಿತ್ತು. ಕೆಂಚಿ, ಮೊಂಡುಗಿವಿ, ಬಿಳಿಮೂತಿ, ಬೇಲಿ ಹಾರುವ ಕಳ್ಳಿ. ಹೆಸರಷ್ಟೇ ಅಲ್ಲ, ಯಾವುದು ಯಾರ ಮಗಳು, ಯಾರ ಮೊಮ್ಮಗಳು, ಯಾವುದು ಎಲ್ಲಿ ಈಯಿತು, ಎಲ್ಲ ಅವನ ಬಾಯಲ್ಲಿ ಇರುತ್ತಿತ್ತು. ನಮ್ಮ ಮನೆಯ ನೆಂಟರ ಸಂಬಂಧ ನನಗೆ ಅಷ್ಟು ಬೇಗ ತಿಳಿಯಲಿಲ್ಲ, ಅವನ ಕುರಿಗಳ ಸಂಬಂಧ ತಿಳಿದುಹೋಯಿತು.

ಎಂಬತ್ತರ ದಶಕದ ಮೊದಲಲ್ಲಿ ಗೋಮಾಳಕ್ಕೆ ನೀಲಗಿರಿ ಗಿಡ ನೆಟ್ಟರು. ಸುತ್ತ ಗುಂಡಿ ತೋಡಿ ಕಾವಲಿನವನನ್ನು ಇಟ್ಟರು. ಕುರಿ ಮೇಯಲು ಜಾಗ ಇಲ್ಲದಂತಾಯಿತು. ತಾತನ ಮಗ ಮಧುಗಿರಿಯ ಒಂದು ಕಚೇರಿಯಲ್ಲಿ ಜವಾನನಾಗಿದ್ದ. ಅವನು ಕುರಿಗಳನ್ನೆಲ್ಲ ಮಾರಿಸಿದ.

ಮಗ ಕೆಟ್ಟವನಲ್ಲ, ಇದನ್ನು ನೀವು ತಿಳಿದುಕೊಳ್ಳಬೇಕು. ಅಪ್ಪನ ಮೇಲೆ ಪ್ರಾಣ ಇಟ್ಟಿದ್ದವನು. ಜಗಲಿಯ ಮೇಲೆ ಹೊಸ ಚಾಪೆ ಹಾಸಿ, ಒರಗಲು ಕಂಬಳಿ ಸುತ್ತಿ ಇಟ್ಟು, "ಅಪ್ಪಯ್ಯಾ, ದುಡಿದಿದ್ದು ಸಾಕು. ಇನ್ನು ಕಾಲ್ಮೇಲೆ ಕಾಲ್ ಹಾಕ್ಕಂಡು ಕುಂತ್ಕೊ. ನಿಂಗೇನು ಬೇಕೋ ಕೂಗು, ಕೂತ ಜಾಗಕ್ಕೆ ಬತ್ತದೆ" ಅಂದ. ನಮ್ಮ ಕಡೆ ಅದೇ ಮರ್ಯಾದೆ. ಮೀಸೆ ಬಂದ ಮೊಮ್ಮಗನಿರುವ ಮನೆಯ ಹಿರಿಯ ಕೈಯಲ್ಲಿ ಗುದ್ದಲಿ ಹಿಡಿದರೆ, "ಯಾಕ್ಲಾ, ನಿಮ್ಮಪ್ಪನಿಗೆ ಒಂದ್ ತುತ್ತು ಹಾಕಾಕೂ ಆಗಲ್ವಾ?" ಎಂದು ಜನ ಮಗನನ್ನು ಕೇಳುತ್ತಿದ್ದರು. ಅನ್ನವೂ ಹಾಗೆಯೇ. ಮುದ್ದೆ ಕೊಟ್ಟರೆ ಕಷ್ಟದವರ ಮನೆ, ಮೆತ್ತಗೆ ಬೆಂದ ಅನ್ನಕ್ಕೆ ಹಾಲು ಹಾಕಿ ಕೊಟ್ಟರೆ ಅಪ್ಪನನ್ನು ಚೆನ್ನಾಗಿ ನೋಡಿಕೊಳ್ಳುವ ಮನೆ.

ತಾತ ಕೂತ. ಒಂದು ಮಳೆಗಾಲ ಕಳೆದು ಇನ್ನೊಂದು ಬರುವಷ್ಟರಲ್ಲಿ ಅವನ ಮೀನಖಂಡ ಕರಗಿ ಕಾಲು ಕೋಲಿನ ಹಾಗಾಗಿತ್ತು. ಬಚ್ಚಲಲ್ಲಿ ಮುಗ್ಗರಿಸಿ ಬಿದ್ದ. ಹಗಲೆಲ್ಲ ತೂಕಡಿಕೆ. ನನ್ನನ್ನು ನಮ್ಮತ್ತೆಯ ಹೆಸರು ಹಿಡಿದು ಕರೆದ. ಊರಲ್ಲಿ ಇದು ಯಾರಿಗೂ ವಿಚಿತ್ರ ಅನ್ನಿಸಲಿಲ್ಲ. "ವಯಸ್ಸಾಯ್ತು, ಅರಳು ಮರಳು" ಅಂದರು. ಮಗ ಇನ್ನೂ ಒಂದು ಚಾಪೆ ಮೆತ್ತಗೆ ಹಾಸಿದ.

ಆಮೇಲೆ ಒಂದು ದಿನ ತಾತ ಬಡವನಹಳ್ಳಿಗೆ ಹೋಗಿ ಬಂದ. ಅಲ್ಲಿ ಅವನ ಜೊತೆಯಲ್ಲೇ ಪಾವಗಡದವರೆಗೂ ಹಿಂಡು ಹೊಡೆದ ಗೆಳೆಯನೊಬ್ಬನಿದ್ದ. ಅವನೂ ಕುರಿ ಮಾರಿ ಕೂತಿದ್ದವನು. ತಾತನನ್ನು ಮಗನೇ ಬಸ್ಸಿನಲ್ಲಿ ಕರೆದುಕೊಂಡು ಹೋಗಿ ಕರೆದುಕೊಂಡು ಬಂದ. ವಾಪಸು ಬಂದ ತಾತ ಜಗಲಿಯ ಮೇಲೆ ಕೂರಲೂ ಇಲ್ಲ, ನಿಂತೇ ಇದ್ದ. ನಾನು ನೀರು ಕೊಡಲು ಹೋದಾಗ, "ಅವ್ನು ನನ್ನ ಗುರ್ತು ಹಿಡೀಲಿಲ್ಲ ಕಣಮ್ಮ. 'ಯಾವೂರಪ್ಪಾ ನಿಂದು' ಅಂತ ಕೇಳ್ಬುಟ್ಟ" ಅಂದ. ಅಷ್ಟೇ.

ಮಾರನೆಯ ದಿನ ಬೆಳಿಗ್ಗೆ ತಾತ ಕಂಬಳಿ ಹೆಗಲಿಗೆ ಹಾಕಿ, ಕೋಲು ಹಿಡಿದು, ಖಾಲಿ ಇದ್ದ ಕುರಿ ರೊಪ್ಪದ ಬಾಗಿಲು ತೆಗೆದು, "ಹುರ್ರ್, ಹೋಯ್ ಹೋಯ್" ಅಂತ ಕೂಗುತ್ತಾ ಓಣಿಯಲ್ಲಿ ನಡೆದ. ನಾನು ನೀರು ತರುತ್ತಿದ್ದೆ. ಅಭ್ಯಾಸ ನೋಡಿ, ನಾನೂ ಗೋಡೆಗೆ ಅಂಟಿ ನಿಂತೆ.

ಅವತ್ತು ಹುಣಸೆಮರದವರೆಗೆ ಹೋಗಿ ಏದುಸಿರು ಬಿಡುತ್ತಾ ಬಂದ. ಬರುಬರುತ್ತಾ ಕೆರೆ ಏರಿ, ಆಮೇಲೆ ಗುಡ್ಡದ ಬುಡ. ಹೋಗುವ ದಾರಿಯಲ್ಲಿ ಎಲ್ಲರನ್ನೂ ಮಾತಾಡಿಸುತ್ತಿದ್ದ. ಯಾರಾದರೂ ತಮಾಷೆ ಮಾಡಿದರೆ ಬಿಡುತ್ತಿರಲಿಲ್ಲ. ಮಳೆ ಕೈಕೊಟ್ಟ ವರ್ಷ ಒಬ್ಬ ರೈತ ಹೊಲದಲ್ಲಿ ನಿಂತು, "ಲೇ ತಾತಾ, ನಿನ್ ಕುರಿ ನನ್ ಹುರುಳಿ ಮೇಯ್ತಾ ಅವೆ, ಹೊಡ್ಕೊಳ್ಳೋ" ಅಂತ ಕೂಗಿದ. ಸುತ್ತಲಿದ್ದವರು ನಕ್ಕರು. ತಾತ ಕಣ್ಣಿಗೆ ಕೈ ಅಡ್ಡ ಹಿಡಿದು ಆ ಬೋಳು ಹೊಲವನ್ನು ಚೆನ್ನಾಗಿ ನೋಡಿ, "ನಿನ್ ಹುರುಳಿ ಕಂಡೋರ್ಗೆ ನನ್ ಕುರಿ ಕಾಣ್ತವೆ ಕಣ್ಲಾ" ಅಂದ. ಈಗ ನೀವೇ ಹೇಳಿ, ತಲೆ ಕೆಟ್ಟವನು ಹೀಗೆ ಮಾತಾಡುತ್ತಾನಾ?

ಆದರೆ ಮಾರನೆಯ ದಿನವೇ ನಡುದಾರಿಯಲ್ಲಿ ಬಗ್ಗಿ, ಏನೂ ಇಲ್ಲದ ಕಡೆ ಕೈ ಹಾಕಿ, ಮರಿ ಎತ್ತಿಕೊಂಡಂತೆ ಎದೆಗೆ ಒತ್ತಿಕೊಂಡು ಹೋದ. ಅದನ್ನು ಯಾರೂ ನೋಡುತ್ತಿರಲಿಲ್ಲ. ನಾನು ಇದ್ದದ್ದು ಅವನಿಗೆ ತಿಳಿದಿರಲಿಲ್ಲ.

ವಾಪಸು ಬರುವಾಗ ನಮ್ಮ ಜಗಲಿಯ ಮೇಲೆ ಕೂತು ನೀರು ಕೇಳುತ್ತಿದ್ದ. ಆಗ ನನಗೆ ಒಂದು ಕೆಲಸ ಕೊಟ್ಟ. ತಾನು ಕುರಿಗಳ ಸಂತಾನ ಒಪ್ಪಿಸುತ್ತೇನೆ, ತಪ್ಪಿದರೆ ಹೇಳಬೇಕು. "ಮೊಂಡುಗಿವಿ ಮಗಳು ಬಿಳಿಮೂತಿ, ಬಿಳಿಮೂತಿದು ಅವಳಿ, ಒಂದು ಮಿಡಿಗೇಶಿ ದಾರೀಲಿ ಸತ್ತೋಯ್ತು..." ಹೀಗೆ. ನಾನು ಹೂಂಗುಟ್ಟುತ್ತಿದ್ದೆ. ಒಂದು ದಿನ ಒಪ್ಪಿಸುವಾಗ ತಪ್ಪಿದ. ನಾನು ಸೆರಗು ಬಾಯಿಗೆ ಹಿಡಿದು, "ಅಲ್ಲ ತಾತ, ಅದು ಕೆಂಚಿ ಮಗಳು" ಅಂದೆ. ಅವನಿಗೆ ಕೋಪ ಬಂತು. "ಕುರಿ ಕಾದೋನು ನಾನಾ ನೀನಾ?" ಅಂತ ನೀರೂ ಕುಡಿಯದೆ ಎದ್ದು ಹೋದ. ಮಾರನೆಯ ದಿನ ಬಂದು ನನ್ನ ಮುಖ ನೋಡದೆ, "ಕೆಂಚಿ ಮಗಳೇ ಬುಡು" ಅಂದ. ಆ ಗೆಲುವಿಗೆ ನನಗೆ ಒಳಗೊಳಗೇ ಬಹಳ ಸಂತೋಷವಾಯಿತು. ಆಮೇಲೆ ಯೋಚನೆ ಬಂತು: ಮಾರಿದ ಕುರಿಗಳ ಸಂಬಂಧಕ್ಕೆ ನಾನು ಜಗಳ ಆಡುತ್ತಿದ್ದೇನಲ್ಲ, ನನಗೂ ಅಂಟಿತಾ?

ಊಟವನ್ನೂ ಬದಲಾಯಿಸಿಕೊಂಡ. ಅನ್ನದ ತಟ್ಟೆಯನ್ನು ಸೊಸೆಯ ಕಡೆ ತಳ್ಳಿ, "ಮಗೀಗೆ ಹಾಕ್ದಂಗೆ ಹಾಕ್ತೀರಿ, ಮಗಾನೇ ಆಗೋಯ್ತೀನಿ. ಮುದ್ದೆ ಹಾಕವ್ವಾ. ಹೆಸರುಕಾಳಿನ ಸಾರು ಮಾಡು, ಸೊಪ್ಪು ತತ್ತೀನಿ" ಅಂದ. ಗುಡ್ಡದಿಂದ ಬರುವಾಗ ಮಡಿಲಲ್ಲಿ ಅಣ್ಣೆಸೊಪ್ಪು, ಗೋಣಿಸೊಪ್ಪು ಕಿತ್ತು ತರುತ್ತಿದ್ದ. ಬೀಡಿ ಬಿಟ್ಟ. ಸೊಸೆ ನಮ್ಮ ಹಿತ್ತಲಿಗೆ ಬಂದು ಅಳುತ್ತಿದ್ದಳು. "ನಮ್ಮನೇಲಿ ಅನ್ನ ಇಲ್ಲ ಅಂತ ಈಯಪ್ಪ ಸೊಪ್ಪು ಕಿತ್ಕೊಂಡು ತಿರುಗ್ತಾನೆ ಅಂತಾರೆ ಕಣೇ. ನಾನು ಊರಾಗೆ ಹೆಂಗೆ ತಲೆ ಎತ್ಲಿ?" ಅವಳನ್ನು ನಾನು ಅಕ್ಕ ಅನ್ನುತ್ತಿದ್ದೆ. ಅವಳದ್ದೂ ತಪ್ಪಲ್ಲ.

ಒಂದು ಸಲ ಧೈರ್ಯ ಮಾಡಿ ತಾತನನ್ನೇ ಕೇಳಿಬಿಟ್ಟೆ. ಜೀವನದಲ್ಲಿ ನಾನು ಹಾಗೆ ನೇರವಾಗಿ ಕೇಳಿದ್ದು ಬಹಳ ಕಡಿಮೆ.

"ತಾತ, ಕುರಿ ನಿಜವಾಗ್ಲೂ ಅವೆಯಾ?"

ಅವನು ನೀರಿನ ಚೊಂಬು ಕೆಳಗಿಟ್ಟು ನನ್ನನ್ನು ನೋಡಿದ. "ಅವೆ ಅಂದ್ರೆ ನೀನು ನಗ್ತೀಯ. ಇಲ್ಲ ಅಂದ್ರೆ ನಾನು ಮನೇಲಿ ಕುಂತ್ಕಬೇಕು. ಏನಂತ ಹೇಳ್ಲಿ?"

ಅವನು ಕೋಲು ಊರಿಕೊಂಡು ಎದ್ದು, ಓಣಿಯ ಕಡೆ ತಿರುಗಿ, ತೆಲುಗಿನಲ್ಲಿ ಯಾವುದಕ್ಕೋ ಬೈದು ಹೋದ.

ಗಾಳಿ ಸೋಕಿರಬೇಕು ಅಂತ ಯಾರೋ ಹೇಳಿದರು. ಮಗ ಅವನನ್ನು ಕೊರಟಗೆರೆ ಹತ್ತಿರದ ಸಿದ್ದರಬೆಟ್ಟಕ್ಕೆ ಕರೆದುಕೊಂಡು ಹೊರಟ. ಅಲ್ಲಿಯ ಗವಿಯ ನೀರು ಎಂಥ ಕಾಯಿಲೆಗೂ ಆಗುತ್ತದೆ ಅಂತ ನಂಬಿಕೆ. ಅಕ್ಕನ ಜೊತೆಗೆ ನಾನೂ ಹೋದೆ. ಮಗ, "ಅಪ್ಪಯ್ಯಾ, ನಿಧಾನ, ನನ್ ತೋಳು ಹಿಡ್ಕೊ" ಅಂತ ತೋಳು ಚಾಚಿದ. ತಾತ ಹಿಡಿದುಕೊಂಡ. ಅರ್ಧ ದಾರಿಗೆ ನೋಡಿದರೆ ಮಗನೇ ಅಪ್ಪನ ತೋಳು ಹಿಡಿದಿದ್ದಾನೆ. ಕಚೇರಿಯ ಸ್ಟೂಲಿನ ಮೇಲೆ ಕೂತು ಕೂತು ಅವನಿಗೆ ಹೊಟ್ಟೆ ಬಂದಿತ್ತು. ಮೇಲೆ ಹೋಗುವಷ್ಟರಲ್ಲಿ ಅವನ ಮುಖ ಕೆಂಪಾಗಿ, ಅಂಗಿ ಒದ್ದೆಯಾಗಿ, ಮಾತು ಹೊರಡುತ್ತಿರಲಿಲ್ಲ. ನೀರು ಪ್ರೋಕ್ಷಣೆ ಮಾಡುವವರು ಬಂದು ನಮ್ಮನ್ನೆಲ್ಲ ಒಮ್ಮೆ ನೋಡಿ, "ಹುಷಾರಿಲ್ದಿರೋರು ಇವ್ರೇನಾ? ಕುಂಡ್ರಿಸಿ" ಅಂತ ಮಗನ ತಲೆಯ ಮೇಲೆ ನೀರು ಹಾಕಿಬಿಟ್ಟರು. ತಾತ ಕೈ ಮುಗಿದು, "ಒಂಚೂರು ಜಾಸ್ತಿನೇ ಹಾಕಿ ಸ್ವಾಮಿ" ಅಂದ.

ಆಮೇಲೆ ಕೆಲವು ತಿಂಗಳು ಮಗ ಅಪ್ಪನನ್ನು ತಡೆಯಲಿಲ್ಲ.

ಕೆಟ್ಟಿದ್ದು ತಾತನ ಮೊಮ್ಮಗಳ ಸಂಬಂಧದ ದಿನ. ಶಿರಾದಿಂದ ಗಂಡಿನ ಕಡೆಯವರು ಹೆಣ್ಣು ನೋಡಲು ಬಾಡಿಗೆ ಕಾರು ಮಾಡಿಕೊಂಡು ಬಂದರು. ಕೆರೆ ಏರಿಯ ಮೇಲೆ ತಾತ ನಡುರಸ್ತೆಯಲ್ಲಿ ನಿಂತು ಕೋಲು ಅಡ್ಡ ಹಿಡಿದ.

"ತಡೀರಿ, ಕುರಿ ದಾಟ್ಲಿ."

ಕಾರು ಓಡಿಸುತ್ತಿದ್ದ ಸಾಬರು ಎಂಜಿನ್ ಆರಿಸಿ, "ದಾಟ್ಲಿ ದಾಟ್ಲಿ ಬಡೇ ಮಿಯಾ, ಜಲ್ದಿ ಏನಿಲ್ಲ" ಅಂದರಂತೆ. ಹಿಂದೆ ಕೂತಿದ್ದ ಗಂಡಿನ ಸೋದರಮಾವನಿಗೆ ಮಾತ್ರ ರೇಗಿತು. ಕುರಿ ಎಲ್ಲಿ ಅಂತ ಕತ್ತು ಹೊರಗೆ ಹಾಕಿ ನೋಡಿದ. ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ. ತಾತ ಕೊನೆಯದನ್ನೂ ದಾಟಿಸಿ, ಕೋಲು ಇಳಿಸಿ, "ಇನ್ನು ಹೋಗ್ರಪ್ಪ, ಯಾರ ಮನೆಗೆ?" ಎಂದು ಕೇಳಿದ. ಅವರು ಹೋಗಬೇಕಾಗಿದ್ದದ್ದು ಅವನ ಮನೆಗೇ.

ಉಪ್ಪಿಟ್ಟು ತಿಂದರು, ಹುಡುಗಿಯನ್ನು ನೋಡಿದರು, ಆಮೇಲೆ ಸೋದರಮಾವ ತಟ್ಟೆ ಕೆಳಗಿಟ್ಟು, "ಈ ಮನೆತನದಾಗೆ ಹುಚ್ಚು ಐತಾ?" ಅಂತ ನೇರವಾಗಿ ಕೇಳಿದ. ಆ ಮಗು ಒಳಗೆ ನನ್ನ ಪಕ್ಕದಲ್ಲೇ ನಿಂತಿತ್ತು. ಸಂಬಂಧ ಮುರಿಯಿತು.

ಅವರು ಹೋದ ಮೇಲೆ ಮಗ ಕೋಲನ್ನು ಅಟ್ಟಕ್ಕೆ ಹಾಕಿದ. "ಅಪ್ಪಯ್ಯಾ, ನಿನ್ ಕಾಲಿಗೆ ಬೀಳ್ತೀನಿ, ಈ ಮಗೀನ ಮದ್ವೆ ಆಗೋಗಂಟ ಜಗಲಿ ಬುಟ್ಟು ಇಳೀಬ್ಯಾಡ" ಅಂದ. ನಿಜವಾಗಿಯೂ ಕಾಲಿಗೆ ಬಿದ್ದ. ತಾತ ಮೊಮ್ಮಗಳ ಮುಖ ನೋಡಿದ. ಜಗಲಿಯ ಮೇಲೆ ಕೂತ.

ಮದುವೆ ಕೂಡಿಬರಲಿಲ್ಲ. ಒಂದು ಕಡೆಯವರು ಕೇಳಿದ್ದನ್ನು ಇನ್ನೊಂದು ಕಡೆಯವರಿಗೆ ಹೇಳಿರುತ್ತಾರಲ್ಲ. ತಾತ ಕೂತೇ ಇದ್ದ. ಮೊದಲು ಕಾಲು ಹೋಯಿತು, ಎದ್ದರೆ ಗೋಡೆ ಹಿಡಿಯಬೇಕು. ಆಮೇಲೆ ನಮ್ಮ ಪರೀಕ್ಷೆ ನಿಂತಿತು. ನಾನು ಹೋಗಿ, "ತಾತ, ಕೆಂಚಿ ಮಗಳು ಯಾರು?" ಅಂದರೆ, "ಯಾವ ಕೆಂಚಿ?" ಅನ್ನುತ್ತಿದ್ದ. ಮೊಮ್ಮಗಳನ್ನು ತೀರಿಹೋದ ತನ್ನ ಹೆಂಡತಿಯ ಹೆಸರಿನಿಂದ ಕರೆದು, ಕುರಿಗೆ ನೀರು ಇಟ್ಟೆಯಾ ಅಂತ ಕೇಳಿದ. ಆ ಮಗು ಅಡುಗೆಮನೆಗೆ ಓಡಿಹೋಗಿ ಅತ್ತಿತು. ಕಡೆಗೆ ಮುದ್ದೆಯೂ ಬೇಡ ಅಂದ. ಅಕ್ಕ ಅನ್ನ ಹಾಲು ಕಲಸಿ ಮುಂದೆ ಇಟ್ಟರೆ ಕೈ ಹಾಕದೆ ಸುಮ್ಮನೆ ಬಾಯಿ ತೆರೆದು ಕಾಯುತ್ತಿದ್ದ.

ಆ ಬಾಯಿಯನ್ನು ನೋಡಿದ ದಿನ ಅಕ್ಕ ನಮ್ಮ ಹಿತ್ತಲಿಗೆ ಬಂದಳು. ಈ ಸಲ ಅಳಲಿಲ್ಲ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಳು.

"ಕುರಿ ಮುಂದಿಟ್ಕೊಂಡು ನಡೀತಿದ್ದಾಗ ಈಯಪ್ಪ ನನ್ನ ಸೊಸೆ ಅಂತ ಗುರ್ತು ಹಿಡೀತಿದ್ದ. ನಾವು ಬುದ್ಧಿ ಬರ್ಸಿದ್ಮೇಲೆ ಗುರ್ತು ಹೋಯ್ತು. ಇದ್ರಾಗೆ ಯಾವ್ದು ಹುಚ್ಚು ಹೇಳೇ?"

"ಜನ ಏನಂತಾರೋ ಅಕ್ಕ" ಅಂದೆ.

"ಅನ್ಲಿ. ನನ್ ಮಗಳಿಗೆ ಬರೋ ಗಂಡು ಅವಳ ತಾತನ್ನ ಕಂಡೇ ಬರ್ಲಿ."

ಮಾರನೆಯ ದಿನ ಬೆಳಿಗ್ಗೆ, ಗಂಡ ಮಧುಗಿರಿಯ ಬಸ್ಸು ಹಿಡಿಯಲು ಹೋದ ಮೇಲೆ, ಅವಳು ಅಟ್ಟದಿಂದ ಕೋಲು ಇಳಿಸಿದಳು. ನಾನು ನಮ್ಮ ಜಗಲಿಯಲ್ಲಿ ಅಕ್ಕಿ ಆರಿಸುತ್ತಿದ್ದೆ, ಎಲ್ಲ ಕೇಳಿಸುತ್ತಿತ್ತು.

"ಮಾವಾ, ಏಳಿ. ಕುರಿ ಅರಚ್ತಾ ಅವೆ. ಹೊತ್ತಾಯ್ತು."

ತಾತ ಕಣ್ಣು ಬಿಟ್ಟು ಅವಳನ್ನು ನೋಡಿದ. "ಯಾವ ಕುರಿನವ್ವಾ? ನೀಲಗಿರಿ ನೆಟ್ಟಾಗ್ಲೇ ಎಲ್ಲಾ ಮಾರಿದ್ವಲ್ಲ."

ಅಕ್ಕ ಕೋಲು ಹಿಡಿದು ಹಾಗೇ ನಿಂತಳು. ನನ್ನ ಕೈಯಲ್ಲಿನ ಮೊರ ನಿಂತಿತು. ಇಷ್ಟು ವರ್ಷ ನಾವು ಕೇಳಬೇಕೆಂದಿದ್ದ ಮಾತು ಅದೇ ಆಗಿತ್ತು, ಮಗನಾಗಿದ್ದರೆ ಸಂತೋಷಪಡುತ್ತಿದ್ದ. ನನಗೆ ಮಾತ್ರ ಬೇರೆ ಯೋಚನೆ ಬಂತು. ಈಗ ಏಳುವುದಕ್ಕೆ ಅವನಿಗೆ ಏನು ಉಳಿಯಿತು?

"ನೀವು ಮಾರಿದ್ದು ನಿಮ್ಮವು ಮಾವ" ಅಂದಳು ಅಕ್ಕ. ಎಲ್ಲಿಂದ ಬಂತೋ ಆ ಮಾತು ಅವಳಿಗೆ. "ಇವು ನನ್ನವು. ನಂಗೆ ಕಾಯಾಕ್ ಬರಲ್ಲ."

ತಾತ ಕೈ ಚಾಚಿದ. ಅವಳು ಕೋಲು ಕೊಟ್ಟಳು. ಅವತ್ತು ನಮ್ಮ ಜಗಲಿಯವರೆಗೆ ಬರುವಷ್ಟರಲ್ಲಿ ಅವನ ಕಾಲು ಗಡಗಡ ನಡುಗಿತು, ಅಲ್ಲೇ ಕೂತು ನೀರು ಕುಡಿದು ವಾಪಸು ಹೋದ. ಮಗ ಸಂಜೆ ಬಂದು ಕೂಗಾಡಿದ. ಅಕ್ಕ ಅಡುಗೆಮನೆಯಿಂದಲೇ, "ನಾಳೆ ನೀನೂ ನಡಿ ಜೊತೆಗೆ, ಹೊಟ್ಟೆ ಕರಗ್ತದೆ" ಅಂದಳು. ದಿನಾ ಬೆಳಿಗ್ಗೆ ಅವಳು ಮಜ್ಜಿಗೆಯ ಚೊಂಬು ಹಿಡಿದು ಮಾವನ ಹಿಂದೆ ಹೊರಟಳು. ಒಮ್ಮೊಮ್ಮೆ ನಾನೂ ಹೋಗುತ್ತಿದ್ದೆ. ತಾತನ ಮುಖಕ್ಕೆ ಮೆಲ್ಲಗೆ ಬಣ್ಣ ಬಂತು. ಮುದ್ದೆ ಕೇಳಿದ. ಮೊಮ್ಮಗಳನ್ನು ಅವಳ ಹೆಸರಿನಲ್ಲೇ ಕರೆದ. ನಡೆದದ್ದರಿಂದಲೋ, ಊಟದಿಂದಲೋ, ಸೊಸೆ ಜೊತೆಗೆ ಬಂದದ್ದರಿಂದಲೋ ಹೇಳಲಾರೆ. ಸಿದ್ದರಬೆಟ್ಟದ ನೀರು ತಡವಾಗಿ ಕೆಲಸ ಮಾಡಿತು ಅಂತ ನಮ್ಮತ್ತೆ ಹೇಳುತ್ತಿದ್ದರು. ಆ ನೀರು ಬಿದ್ದದ್ದು ಮಗನ ಮೇಲೆ ಅಂತ ನಾನು ಬಾಯಿ ಬಿಡಲಿಲ್ಲ.

ಕೆರೆ ಏರಿಯವರೆಗೆ ಹೋಗುವ ಶಕ್ತಿ ಬಂದ ದಿನ ನಾವು ಮೂವರೂ ಇದ್ದೆವು. ತಾತ ಮುಂದೆ. ಅವನು ಅವತ್ತು ಕೂಗು ಹಾಕುತ್ತಿರಲಿಲ್ಲ, ಸುಮ್ಮನೆ ನಡೆಯುತ್ತಿದ್ದ. ಅಕ್ಕನಿಗೆ ಭಯವಾಯಿತೇನೋ, ಎಲ್ಲಿ ಮತ್ತೆ ಕೂತುಬಿಡುತ್ತಾನೋ ಅಂತ. ಅವಳು ಹಿಂದಿನಿಂದ ಜೋರಾಗಿ ಕೂಗಿದಳು.

"ಮಾವಾ, ಮರಿ ಒಂದು ಹಿಂದೆ ಉಳ್ಕಂತು ನೋಡಿ!"

ತಾತ ನಿಂತ. ತಿರುಗಿ ರಸ್ತೆಯನ್ನು ಉದ್ದಕ್ಕೂ ನೋಡಿದ, ಅಕ್ಕನನ್ನು ನೋಡಿದ. ಆಮೇಲೆ ನನ್ನ ಹತ್ತಿರ ಬಂದು, ಅವಳಿಗೆ ಕೇಳಿಸದ ಹಾಗೆ ಮೆಲ್ಲಗೆ ಹೇಳಿದ.

"ನನ್ ಸೊಸೆಗೆ ಏನೋ ಆಗೈತೆ ಕಣಮ್ಮ. ಒಂಟಿಯಾಗಿ ಬುಡಬ್ಯಾಡ. ನಾನೂ ದಿನಾ ಅವಳ ಜೊತೇಲಿ ಬತ್ತೀನಿ."

ಹೂಂ ಅಂದೆ. ಅವನ ಮುಖದಲ್ಲಿ ನಗು ಇತ್ತೋ ಇಲ್ಲವೋ ನೋಡೋಣ ಅಂತ ತಲೆ ಎತ್ತಿದೆ. ಬಿಸಿಲು ಎದುರಿಗಿತ್ತು. ಅಷ್ಟರಲ್ಲಿ ಅವನು ಏರಿಯ ಮೇಲೆ ನಡೆದುಬಿಟ್ಟಿದ್ದ, ಅಕ್ಕ ಚೊಂಬು ಹಿಡಿದು ಅವನನ್ನು ಹಿಡಿಯಲು ಓಡುತ್ತಿದ್ದಳು.